ಸೈಟೋಸ್ಕೇಪ್ ಜೆಎಸ್: ಒಂದ ವಾಲ್ವ್ ಬಂದ್ ಮಾಡಿದ್ರ ನೀರು ಬರೋ ಓಣಿನೂ ಕೆಂಪಾಗಾಕತ್ತೈತಿ

ಉಣಕಲ್_ದಂಡಿ

ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದ ಕುಡಿಯೋ ನೀರಿನ ಜಾಲ ಹೆಂಗ ಕೆಲಸ ಮಾಡ್ತೈತಿ ಅಂತ ಮಂದಿಗೆ ತೋರಿಸೋ ಒಂದು ವೆಬ್ ಪುಟ ಮಾಡಾಕತ್ತೀನಿ. ಮ್ಯಾಲೆ ಎರಡು ಮೂಲ: ಸವದತ್ತಿ ಕಡೆ ಮಲಪ್ರಭಾ ಜಲಾಶಯ, ಇನ್ನೊಂದು ಕಲಘಟಗಿ ತಾಲೂಕಿನ ನೀರಸಾಗರ. ಮಲಪ್ರಭಾ ನೀರು ಅಮ್ಮಿನಭಾವಿ ಶುದ್ಧೀಕರಣ ಘಟಕಕ್ಕ ಬರ್ತೈತಿ. ಮುಂದ ಟಾಕಿ, ಟಾಕಿಯಿಂದ ವಾಲ್ವ್, ವಾಲ್ವಿಂದ ಓಣಿ. ಟಾಕಿಯಿಂದ ಕೆಳಗಿನ ಜೋಡಣಿ ಮಾದರಿಗೆ ಅಂತ ಹಾಕಿದ್ದು, ಖರೇ ನಕ್ಷಾ ಅಲ್ಲ. ಒಟ್ಟು 180 ನೋಡ್ (ಚಿತ್ರದಾಗಿನ ಬಿಂದು: ಮೂಲ, ಟಾಕಿ, ವಾಲ್ವ್, ಓಣಿ), 210ರ ಸುಮಾರು ಎಡ್ಜ್ (ಅವನ್ನ ಕೂಡಿಸೋ ಗೆರಿ, ಅಂದ್ರ ಪೈಪ್).

ಲೈಬ್ರರಿ ಸೈಟೋಸ್ಕೇಪ್ ಜೆಎಸ್ (ಬ್ರೌಸರಿನಾಗ ಇಂಥ ಜಾಲದ ಚಿತ್ರ ಬರಿಯೋ ಸಿದ್ಧ ಕೋಡ್), 3ನೇ ಆವೃತ್ತಿ. ವಾಲ್ವ್ ಮ್ಯಾಲೆ ಟ್ಯಾಪ್ ಮಾಡಿದ್ರ ಅದರ ‘ಸಕ್ಸೆಸರ್ಸ್’ (ಅದರ ಕೆಳಗ ಬರೋ ನೋಡ್, ಎಡ್ಜ್) ಪೂರಾ ತಗೊಂಡು ‘ಡ್ರೈ’ ಅನ್ನೋ ಕ್ಲಾಸ್ (ಬಣ್ಣ ಕೊಡೋ ಗುರುತು) ಹಚ್ಚತೈತಿ, ಕೆಂಪಾಗ್ತಾವು. ಮತ್ತೊಮ್ಮೆ ಟ್ಯಾಪ್ ಮಾಡಿದ್ರ ಅದ ಕ್ಲಾಸ್ ತೆಗೀತೈತಿ.

ತೊಂದ್ರಿ ಎಲ್ಲಿ ಅಂದ್ರ, ವಿದ್ಯಾನಗರದ ಒಂದು ಓಣಿಗೆ ಎರಡು ಟಾಕಿಯಿಂದ ಲೈನ್ ಕೊಟ್ಟೀನಿ. ಒಂದು ಕಡೆ ವಾಲ್ವ್ ಬಂದ್ ಮಾಡಿದ್ರ ಇನ್ನೊಂದು ಕಡೆಯಿಂದ ನೀರು ಬರಬೇಕು, ಆದ್ರ ಓಣಿ ಕೆಂಪ ಆಗ್ತೈತಿ. ಇದರ ಉಲ್ಟಾನೂ ಐತಿ. ಒಂದ ಲೈನಿನ ಮ್ಯಾಲೆ ಎರಡು ವಾಲ್ವ್ ಬಂದ್ ಮಾಡಿ, ಕೆಳಗಿಂದು ಒಂದನ್ನ ತೆಗೆದ್ರ, ಮ್ಯಾಲಿಂದು ಇನ್ನೂ ಬಂದ್ ಇದ್ರೂ ಓಣಿ ನೀಲಿ ಆಗ್ತೈತಿ.

ಇನ್ನ ಸಣ್ಣವು: ಎರಡನೇ ಟ್ಯಾಬಿನಾಗ ಇಟ್ಟಿರೋ ಚಿತ್ರ ಖಾಲಿ ಕಾಣ್ತೈತಿ, ಕಿಟಕಿ ಹಿಗ್ಗಿಸಿ ಕುಗ್ಗಿಸಿದ್ರ ಬರ್ತೈತಿ. ಕನ್ನಡ ಲೇಬಲ್ ಮೊದಲನೇ ಸಲ ಡಬ್ಬಿ ಹೊರಗ ಚೆಲ್ತಾವು, ರಿಫ್ರೆಶ್ ಮಾಡಿದ್ರ ಸರಿ ಆಗ್ತಾವು. ಲೇಔಟ್ (ನೋಡ್ ಜೋಡಿಸೋ ರೀತಿ) ‘ಕೋಸ್’ ಐತಿ, ಪುಟ ತೆಗೆದಾಗೊಮ್ಮೆ ಟಾಕಿಗೋಳು ಜಾಗಾ ಬದಲಿ ಮಾಡ್ತಾವು. ಯಾವುದರಿಂದ ಶುರು ಮಾಡಬೇಕು ಹೇಳ್ರಿ.

---

ಸಪ್ತಾಪುರ_ಡೆವ್

ಮೊದಲನೇದರಿಂದನೇ ಶುರು ಮಾಡ್ರಿ, ಉಳಿದದ್ದು ಅರ್ಧ ತಾಸಿನ ಕೆಲಸ.

‘ಈ ವಾಲ್ವಿನ ಕೆಳಗ ಯಾರ್ಯಾರು ಇದ್ದಾರ’ ಅಂತ ಕೇಳೋದೇ ತಪ್ಪು ಪ್ರಶ್ನೆ. ಜಾಲ ಮರದ ಹಂಗ ಒಂದ ಬುಡದಿಂದ ಕವಲೊಡದಿದ್ರ ಅದು ನಡೀತಿತ್ತು. ನಿಮ್ಮಲ್ಲಿ ಎರಡು ಮೂಲ ಅವ, ಸುತ್ತು ಹೊಡಿಯೋ ಲೈನೂ ಅವ. ಅದಕ್ಕ ಪ್ರತಿ ಸಲ ಮೂಲದಿಂದ ಹೊರಡ್ರಿ: ‘ತೆರೆದಿರೋ ದಾರಿಯಿಂದ ನೀರು ಎಲ್ಲೆಲ್ಲಿ ಮುಟ್ಟತದ?’ ಮುಟ್ಟದೆ ಉಳಿದದ್ದೆಲ್ಲಾ ಒಣ. ಒಂದು ವಾಲ್ವ್ ತಿರುವಿದ್ರೂ ಇಡೀ ಲೆಕ್ಕ ಹೊಸದಾಗಿ. 180 ನೋಡಿಗೆ ಇದು ಕಣ್ಣಿಗೆ ಗೊತ್ತಾಗೋ ಹೊತ್ತಲ್ಲ, ಉಳಿತಾಯ ಮಾಡ್ಲಿಕ್ಕೆ ಹೋಗಬ್ಯಾಡ್ರಿ.

ನಿಮ್ಮ ಎರಡನೇ ತೊಂದ್ರಿನೂ ಇದರಾಗೇ ಹೋಗ್ತದ. ಕೆಂಪು ಬಣ್ಣವನ್ನೇ ನೀವು ಸ್ಥಿತಿ ಅಂತ ಇಟ್ಕೊಂಡೀರಿ, ಹಂಗಾಗಿ ಒಂದು ವಾಲ್ವ್ ಹಚ್ಚಿದ ಬಣ್ಣವನ್ನ ಇನ್ನೊಂದು ಅಳಸ್ತದ. ಉಳಿಸಿಡಬೇಕಾದ ಸ್ಥಿತಿ ಒಂದ: ಯಾವ ವಾಲ್ವ್ ತೆರೆದದ, ಯಾವುದು ಬಂದ್ ಅದ. ಬಣ್ಣ ಅದರಿಂದ ಹುಟ್ಟಬೇಕು.

ಸೈಟೋಸ್ಕೇಪಿನಾಗ ‘ಬಿಎಫ್‌ಎಸ್’ ಅಂತ, ಒಂದು ನೋಡಿನಿಂದ ಹೊರಟು ಹಂತ ಹಂತವಾಗಿ ಎಲ್ಲೆಲ್ಲಿ ಮುಟ್ಟಬಹುದು ಅಂತ ಹುಡುಕೋ ಸಿದ್ಧ ಫಂಕ್ಷನ್ ಅದ, ಬಂದ್ ವಾಲ್ವ್ ಬಿಟ್ಟು ಉಳಿದ ಎಲಿಮೆಂಟ್‌ಗಳ ಗುಂಪಿನ ಮೇಲೆ ಅದನ್ನ ಓಡಿಸಬಹುದು. ಆದ್ರ ಇಲ್ಲಿ ಅದು ಸಾಲಂಗಿಲ್ಲ. ಅದರ ‘ಡೈರೆಕ್ಟೆಡ್’ ಆಯ್ಕೆ (ಎಡ್ಜಿನ ದಿಕ್ಕಿಗೆ ಅಷ್ಟ ಹೋಗಬೇಕೇನು) ಇಡೀ ಜಾಲಕ್ಕ ಒಂದ: ಹೌದು, ಇಲ್ಲಾ ಅಲ್ಲ. ಓಣಿ ಪೈಪಿನಾಗ ನೀರು ಎರಡೂ ಕಡೆ ಹರೀತದ, ಒತ್ತಡ ಎತ್ತ ಕಡಿಮಿ ಅದನೋ ಅತ್ತ. ಪಂಪ್, ನಾನ್-ರಿಟರ್ನ್ ವಾಲ್ವ್, ಟಾಕಿಗೆ ಮೇಲಿಂದ ಬೀಳೋ ಪೈಪ್, ಇವು ಒಮ್ಮುಖ. ‘ಹೌದು’ ಅಂದ್ರ ಸುತ್ತು ಲೈನಿನಾಗ ಹಿಂದಿನಿಂದ ಬರೋ ನೀರು ಕಾಣಂಗಿಲ್ಲ. ‘ಅಲ್ಲ’ ಅಂದ್ರ ಓಣಿಯ ನೀರು ಟಾಕಿ ಹತ್ತಿ ಅಮ್ಮಿನಭಾವಿಗೆ ವಾಪಸ್ ಹೋಗ್ತದ!

ಅದಕ್ಕ ಪ್ರತಿ ಎಡ್ಜಿನ ಡೇಟಾದಾಗ ‘ಒನ್‌ವೇ’ ಅಂತ ಒಂದು ಗುರುತು ಇಟ್ಟು, ಲೂಪ್ ಕೈಯಿಂದ ಬರೀರಿ. ಹತ್ತು-ಹದಿನೈದು ಸಾಲು. ಕನ್ನಡದಾಗ ಬರದ್ರ ಹಿಂಗ:

ಸರತಿ = ಎರಡೂ ಮೂಲಗಳು
ಮುಟ್ಟಿದ್ದು = ಖಾಲಿ ಸೆಟ್
ಸರತಿ ಖಾಲಿ ಆಗೋ ತನಕ:
— ಸರತಿಯ ಮೊದಲನೇದನ್ನ ತೆಗಿ, ಅದಕ್ಕ ‘ಈಗ’ ಅನ್ನು
— ‘ಈಗ’ ಆಗಲೇ ಮುಟ್ಟಿದ್ದರಾಗ ಇದ್ರ ಬಿಡು; ಇಲ್ಲಂದ್ರ ಸೇರಿಸು
— ‘ಈಗ’ಕ್ಕ ತಾಗಿದ ಪ್ರತಿ ಎಡ್ಜಿಗೆ:
—— ಎಡ್ಜ್ ಒಮ್ಮುಖ ಇದ್ದು ‘ಈಗ’ ಅದರ ಟಾರ್ಗೆಟ್ (ಮುಗಿಯೋ ತುದಿ) ಆಗಿದ್ರ ಬಿಡು
—— ಇನ್ನೊಂದು ತುದಿ ಬಂದ್ ಇರೋ ವಾಲ್ವ್ ಆಗಿದ್ರ ಬಿಡು
—— ಇನ್ನೊಂದು ತುದಿಯನ್ನ ಸರತಿಗೆ ಹಾಕು

‘ಆಗಲೇ ಮುಟ್ಟಿದ್ದು’ ಅನ್ನೋ ಸಾಲು ಮರೀಬ್ಯಾಡ್ರಿ. ಅದಿಲ್ಲಂದ್ರ ಸುತ್ತು ಲೈನಿನಾಗ ಸಿಕ್ಕು ಬ್ರೌಸರ್ ಟ್ಯಾಬೇ ನಿಂತುಬಿಡ್ತದ.

ಮುಗಿದ ಮೇಲೆ ‘ಸಿವೈ ಬ್ಯಾಚ್’ ಒಳಗ ಎಲ್ಲಾದರಿಂದ ‘ಡ್ರೈ’ ಕ್ಲಾಸ್ ತೆಗೆದು, ಮುಟ್ಟದ್ದಕ್ಕ ಹಚ್ಚರಿ. ಬ್ಯಾಚ್ ಬಳಸಿದ್ರ ನಡುನಡುವೆ ಮತ್ತ ಮತ್ತ ಚಿತ್ರ ಬರೆಯೋದು ತಪ್ಪತದ. ಎಡ್ಜಿನ ಬಣ್ಣ ಬೇರೆ ನೋಡ್ಕೋರಿ: ಎರಡೂ ತುದಿ ಹಸಿ ಇದ್ರ ಎಡ್ಜ್ ಹಸಿ. ನೀರು ಯಾವ ಎಡ್ಜಿನ ಮೇಲಿಂದ ಮೊದಲು ಬಂತು ಅಂತ ಗುರುತು ಹಾಕ್ಕೋತ ಹೋದ್ರ, ಸುತ್ತು ಕೂಡಸೋ ಕೊನೇ ಪೈಪ್ ಸುಮ್ನ ಕೆಂಪಾಗಿ ಉಳೀತದ.

ದೊಡ್ಡ ಡೇಟಾದ ಮೇಲೆ ಪರೀಕ್ಷೆ ಮಾಡಬ್ಯಾಡ್ರಿ. ಒಂದು ಮೂಲ, ಅದಕ್ಕ ತಾಗಿ ‘ಅ’, ಆಮ್ಯಾಲೆ ಅ-ಬ, ಬ-ಕ, ಕ-ಅ ಅಂತ ಸುತ್ತು, ಪ್ರತಿ ಪೈಪಿನ ನಡು ಒಂದು ವಾಲ್ವ್. ಅ-ಬ ಬಂದ್ ಮಾಡಿದ್ರ ಯಾವ ಓಣಿನೂ ಒಣಗಬಾರದು. ಕ-ಅ ಕೂಡ ಬಂದ್ ಮಾಡಿದ್ರ ಬ, ಕ ಎರಡೂ ಒಣಗಬೇಕು. ಅ-ಬ ತೆರೆದ್ರ ಎರಡೂ ತಿರುಗಿ ಬರಬೇಕು. ಈ ಮೂರು ಸರಿ ಬಂದ್ರ 180 ನೋಡಿನಾಗೂ ಸರಿ ಬರ್ತದ.

---

ಬೆಟಗೇರಿ_ಮಗ್ಗ

ಮೇಲಿನವರು ಲೆಕ್ಕ ಹೇಳಿದ್ದಾರೆ, ನಾನು ಕಾಣುವ ಭಾಗ ಹೇಳುತ್ತೇನೆ.

ಖಾಲಿ ಟ್ಯಾಬ್: ಸೈಟೋಸ್ಕೇಪ್ ಶುರುವಾಗುವಾಗ ಚಿತ್ರ ಕೂರುವ ಡಬ್ಬಿ, ಅಂದರೆ ಡಿವ್‌ನ ಅಳತೆ ನೋಡಿ ಕ್ಯಾನ್ವಾಸ್ ಹಾಕುತ್ತದೆ. ಟ್ಯಾಬ್ ‘ಡಿಸ್‌ಪ್ಲೇ ನನ್’ ಆಗಿ ಮರೆಯಲ್ಲಿದ್ದರೆ ಅಳತೆ ಸೊನ್ನೆ. ಆಮೇಲೆ ಟ್ಯಾಬ್ ತೆರೆದದ್ದು ಅದಕ್ಕೆ ಗೊತ್ತಾಗದೇ ಇರಬಹುದು. ಕಿಟಕಿಯ ಗಾತ್ರ ಬದಲಾದರೆ ಗೊತ್ತಾಗುತ್ತದೆ, ಹಾಗಾಗಿಯೇ ಹಿಗ್ಗಿಸಿದಾಗ ಬಂತು. ಟ್ಯಾಬ್ ಕಾಣಿಸಿದ ಕೂಡಲೇ ಮೊದಲು ‘ರೀಸೈಜ್’, ನಂತರ 30 ಪಿಕ್ಸೆಲ್ ಅಂಚು ಬಿಟ್ಟು ‘ಫಿಟ್’ ಕರೆಯಿರಿ. ಹಿಂದುಮುಂದಾದರೆ ಫಿಟ್ ಹಳೆಯ ಸೊನ್ನೆ ಅಳತೆಗೇ ಲೆಕ್ಕ ಹಾಕುತ್ತದೆ. ಡಿವ್‌ಗೆ ಎತ್ತರವನ್ನು ಶೇಕಡಾದಲ್ಲಿ ಕೊಟ್ಟಿದ್ದರೆ ಅದರ ಮೇಲಿನ ಡಿವ್‌ಗೂ ಎತ್ತರ ಇದೆಯೇ ನೋಡಿ. ಸುಮ್ಮನೆ 70 ವಿಎಚ್ (ಕಿಟಕಿಯ ಎತ್ತರದ ಶೇಕಡಾ 70) ಎಂದು ಬರೆದುಬಿಡುವುದು ವಾಸಿ.

ಕನ್ನಡ ಲೇಬಲ್: ಚಿತ್ರ ಬರೆಯುವ ಹೊತ್ತಿಗೆ ಫಾಂಟ್ ಇಳಿದಿರುವುದಿಲ್ಲ. ಬೇರೆ ಫಾಂಟಿನ ಅಗಲಕ್ಕೆ ಅಳೆದು ಡಬ್ಬಿ ಹಾಕಿರುತ್ತದೆ. ರಿಫ್ರೆಶ್ ಮಾಡಿದಾಗ ಫಾಂಟ್ ಕ್ಯಾಶ್‌ನಲ್ಲಿ ಇರುವುದರಿಂದ ಸರಿಯಾಗುತ್ತದೆ. ‘ಡಾಕ್ಯುಮೆಂಟ್ ಫಾಂಟ್ಸ್ ರೆಡಿ’ಗೆ ಕಾದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ, ಇಲ್ಲಿ ಸಾಲದು. ಪುಟದಲ್ಲಿ ಬೇರೆಲ್ಲೂ ಆ ಫಾಂಟಿನ ಕನ್ನಡ ಅಕ್ಷರ ಇಲ್ಲದಿದ್ದರೆ ಬ್ರೌಸರ್ ಅದನ್ನು ತರಿಸುವುದೇ ಇಲ್ಲ, ತರಿಸುವಂಥದ್ದು ಏನೂ ಬಾಕಿ ಇಲ್ಲವಾದ್ದರಿಂದ ‘ರೆಡಿ’ ತಕ್ಷಣ ಹೌದೆನ್ನುತ್ತದೆ. ‘ಫಾಂಟ್ಸ್ ಲೋಡ್’ ಕರೆಯಿರಿ, ಮತ್ತು ಎರಡನೇ ಆರ್ಗ್ಯುಮೆಂಟ್ ಆಗಿ ಒಂದು ಕನ್ನಡ ಪದ ಕೊಡಿ. ಇದು ಮುಖ್ಯ. ಕೊಡದಿದ್ದರೆ ಅದು ಬರೀ ಒಂದು ಖಾಲಿ ಜಾಗ ಎಂದು ತಿಳಿಯುತ್ತದೆ. ಗೂಗಲ್ ಫಾಂಟ್ಸ್‌ನ ನೋಟೊ ಸ್ಯಾನ್ಸ್ ಕನ್ನಡ ಯೂನಿಕೋಡ್ ವ್ಯಾಪ್ತಿಯ ಪ್ರಕಾರ ತುಂಡು ತುಂಡಾಗಿ ಬರುತ್ತದೆ; ಖಾಲಿ ಜಾಗ ಕೇಳಿದರೆ ಲ್ಯಾಟಿನ್ ತುಂಡು ಇಳಿಯುತ್ತದೆ, ಕನ್ನಡದ್ದು ಇಳಿಯುವುದಿಲ್ಲ. ಬೋಲ್ಡ್ ಬೇರೆ ಫೈಲ್ ಆಗಿದ್ದರೆ ಅದಕ್ಕೂ ಪ್ರತ್ಯೇಕವಾಗಿ ಕರೆಯಬೇಕು. ನೆಟ್‌ವರ್ಕ್ ಕುಂಟುವ ಕಡೆ ಪುಟ ಖಾಲಿ ನಿಲ್ಲದಂತೆ 3 ಸೆಕೆಂಡಿನ ಗಡುವು ಇಟ್ಟು, ಆಮೇಲೆ ಸೈಟೋಸ್ಕೇಪ್ ಶುರು ಮಾಡಿ.

ನೋಡ್‌ನ ಅಗಲಕ್ಕೆ ‘ಲೇಬಲ್’ ಎಂದು ಕೊಟ್ಟಿದ್ದೀರಿ ಅನಿಸುತ್ತದೆ. ಕನ್ಸೋಲ್‌ನಲ್ಲಿ ಅದಕ್ಕೆ ಎಚ್ಚರಿಕೆ ಬರುತ್ತಿರಬೇಕು, ಅದು ಕೈಬಿಟ್ಟಿರುವ ರೀತಿ. ಅಗಲ 120, ‘ಟೆಕ್ಸ್ಟ್ ಮ್ಯಾಕ್ಸ್ ವಿಡ್ತ್’ 108, ‘ಟೆಕ್ಸ್ಟ್ ರ‍್ಯಾಪ್’ಗೆ ‘ರ‍್ಯಾಪ್’ ಎಂದು ಇಡಿ. ‘ಲೈನ್ ಹೈಟ್’ 1 ಇರುತ್ತದೆ, 1.3 ಮಾಡಿ. ಇಲ್ಲದಿದ್ದರೆ ‘ಶುದ್ಧೀಕರಣ’ದ ಧ-ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ. ಉದ್ದ ಪದ ಮುರಿಯಲಿ ಎಂದು ‘ಎನಿವೇರ್’ ಆಯ್ಕೆ ಹಾಕಬೇಡಿ. ಅದಕ್ಕೆ ಒತ್ತಕ್ಷರದ ಪರಿವೆ ಇಲ್ಲ, ಅಕ್ಷರದ ನಡುವೆಯೇ ಕತ್ತರಿಸುತ್ತದೆ. ಎಲ್ಲಿ ಮುರಿಯಬೇಕೋ ಅಲ್ಲಿ ಡೇಟಾದಲ್ಲೇ ಹೊಸ ಸಾಲಿನ ಗುರುತು ಹಾಕಿ.

ಇನ್ನೊಂದು. ಕನ್ನಡ ಹೆಸರು ಲೇಬಲ್‌ಗೆ ಮಾತ್ರ ಇರಲಿ, ಐಡಿ ಮತ್ತು ಕ್ಲಾಸ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಸೆಲೆಕ್ಟರ್ (ನೋಡ್, ಎಡ್ಜ್ ಆರಿಸುವ ಸಾಲು) ಬರೆಯುವಾಗ ಕನ್ನಡ ಅಕ್ಷರ ತೊಡಕು ಕೊಡುತ್ತದೆ.

ಲೇಔಟ್: ‘ಕೋಸ್’ ಎಳೆತ-ತಳ್ಳಾಟದ ಲೆಕ್ಕದಿಂದ ಜೋಡಿಸುತ್ತದೆ. ಗೆಳೆತನದ ಜಾಲ ತೋರಿಸಲು ಚೆಂದ, ಪೈಪ್‌ಲೈನ್‌ಗೆ ಅಲ್ಲ. ಹರಿವಿನ ದಿಕ್ಕಿಗೆ ಹಂತ ಹಂತವಾಗಿ ಜೋಡಿಸುವ ‘ಡಾಗ್ರೆ’ ವಿಸ್ತರಣೆ ಹಾಕಿ, ‘ಯೂಸ್’ ಕರೆದು ನೋಂದಾಯಿಸಿ (ಇದನ್ನು ಬಿಟ್ಟರೆ ಅಂಥ ಲೇಔಟೇ ಇಲ್ಲ ಎಂಬ ದೋಷ ಬರುತ್ತದೆ). ದಿಕ್ಕು ಎಡದಿಂದ ಬಲಕ್ಕೆ, ‘ರ‍್ಯಾಂಕ್ ಸೆಪ್’ 90, ‘ನೋಡ್ ಸೆಪ್’ 25ರಿಂದ ಶುರು ಮಾಡಿ. ಒಮ್ಮೆ ಜೋಡಿಸಿ, ಅಡ್ಡ ಬಂದವನ್ನು ಕೈಯಿಂದ ಎಳೆದು ಸರಿಮಾಡಿ, ಪ್ರತಿ ನೋಡ್‌ನ ‘ಪೊಸಿಷನ್’ ಅನ್ನು ಜೇಸನ್ ಎಂಬ ಡೇಟಾ ಫೈಲಿಗೆ ಉಳಿಸಿ. ಓದುಗರಿಗೆ ಕೊಡುವ ಪುಟದಲ್ಲಿ, ಉಳಿಸಿದ ಜಾಗದಲ್ಲೇ ಇಡುವ ‘ಪ್ರೀಸೆಟ್’ ಲೇಔಟ್ ಮಾತ್ರ ಇರಲಿ, ಟಾಕಿಗಳು ಅಲುಗಾಡುವುದಿಲ್ಲ. ಎಡ್ಜ್‌ಗೆ ‘ಟ್ಯಾಕ್ಸಿ’ ಶೈಲಿ ಕೊಟ್ಟರೆ ಪೈಪ್‌ನಂತೆ ಲಂಬ ತಿರುವು ಬರುತ್ತದೆ. ಅದು ನಡುವಿನ ನೋಡ್ ತಪ್ಪಿಸಿ ಹೋಗುವುದಿಲ್ಲ, ಜಾಗ ನೀವೇ ಬಿಡಬೇಕು.

---

ಉಣಕಲ್_ದಂಡಿ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಅ-ಬ-ಕ ಪರೀಕ್ಷೆ ಮೂರೂ ಪಾಸ್. ಫಾಂಟಿಗೆ ಎರಡನೇ ಆರ್ಗ್ಯುಮೆಂಟ್ ಕೊಟ್ಟ ಮ್ಯಾಲೆ ಲೇಬಲ್ ಡಬ್ಬಿಯಾಗ ಕುಂತಾವು.

ಈಗ ಟಾಕಿ ವಿಷಯ. ಟಾಕಿಗೆ ಬರೋ ಮುಖ್ಯ ಲೈನ್ ಬಂದ್ ಮಾಡಿದ ಕೂಡಲೇ ಕೆಳಗಿನ ಓಣಿ ಪೂರಾ ಕೆಂಪಾಗ್ತಾವು. ಖರೇ ಅಂದ್ರ ಟಾಕಿಯಾಗ ನೀರು ಇರೋ ತನಕ ಬರಬೇಕಲ್ಲ? ಮತ್ತ ವಾಲ್ವನ್ನ ನೋಡ್ ಮಾಡೋದು ಚೊಲೋನೋ, ಎಡ್ಜ್ ಮಾಡೋದು ಚೊಲೋನೋ? ಎಡ್ಜ್ ಅಂದ್ರ ಮೊಬೈಲಿನಾಗ ಬೆರಳಿಗೆ ಸಿಗಂಗಿಲ್ಲ ಅಂತ ನೋಡ್ ಮಾಡೀನಿ.

---

ಹಾವೇರಿ_ಯಾಲಕ್ಕಿ

ಟಾಕಿಗೆ ಎರಡು ಸುತ್ತು ಓಡಿಸಿ ಸರ್. ಮೊದಲ ಸುತ್ತು ನಿಜವಾದ ಮೂಲಗಳಿಂದ. ಮುಟ್ಟಿದ್ದು ನೀಲಿ. ಎರಡನೇ ಸುತ್ತು, ಮೊದಲ ಸುತ್ತಿನಲ್ಲಿ ಮುಟ್ಟದ ಆದರೆ ನೀರಿರುವ ಟಾಕಿಗಳನ್ನೇ ಮೂಲ ಎಂದು ಇಟ್ಟುಕೊಂಡು. ಹೊಸದಾಗಿ ಮುಟ್ಟಿದ್ದು ಹಳದಿ, ‘ಟಾಕಿ ನೀರು ಮಾತ್ರ’. ಉಳಿದದ್ದು ಕೆಂಪು. ಬಣ್ಣದ ಮೇಲೆ ಮಾತ್ರ ಭರವಸೆ ಇಡಬೇಡಿ: ಒಣ ಪೈಪಿಗೆ ‘ಡ್ಯಾಶ್ಡ್’ ಗೆರೆ ಕೊಡಿ, ಕೆಂಪು-ಹಸಿರು ಗುರುತಿಸಲಾಗದವರಿಗೂ ಗೊತ್ತಾಗುತ್ತದೆ.

ಹಳದಿ ಎಷ್ಟು ಹೊತ್ತು ಎಂಬ ಲೆಕ್ಕ ಹಾಕುವಾಗ ಒಂದು ಕಡೆ ಎಡವುವುದು ಸುಲಭ. 1,000 ಮನೆ, ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ (ಕೇಂದ್ರ ಸರ್ಕಾರದ ನೀರು ಪೂರೈಕೆ ಕೈಪಿಡಿಯಲ್ಲಿ ಒಳಚರಂಡಿ ಇರುವ ನಗರಗಳಿಗೆ ಇರುವ ಪ್ರಮಾಣ) ಎಂದರೆ 6.75 ಲಕ್ಷ ಲೀಟರ್. ಅದನ್ನು 24 ಗಂಟೆಗೆ ಹಂಚಿದರೆ 5 ಲಕ್ಷ ಲೀಟರ್ ಟಾಕಿ ಸುಮಾರು 18 ಗಂಟೆ ಬರುತ್ತದೆ ಎಂದು ಚಿತ್ರ ಹೇಳುತ್ತದೆ. ಆದರೆ ಪಾಳಿ ಪ್ರಕಾರ ನೀರು ಬಿಡುವಲ್ಲಿ ನಳ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಕೊಡ, ಸಿಂಟೆಕ್ಸ್, ಸಂಪ್ ತುಂಬುತ್ತಾರೆ. ಅದೇ 6.75 ಲಕ್ಷವನ್ನು 3 ಗಂಟೆಯಲ್ಲಿ ಎಳೆದರೆ ಗಂಟೆಗೆ 2.25 ಲಕ್ಷ, ಟಾಕಿ 2 ಗಂಟೆ 13 ನಿಮಿಷಕ್ಕೆ ಖಾಲಿ. ‘ನೀರು ಬಿಡುವ ಗಂಟೆ’ ಎಂಬ ಅಂಕಿಯನ್ನು ಬಳಕೆದಾರರೇ ಬದಲಿಸುವಂತೆ ಒಂದು ಸ್ಲೈಡರ್ ಇಡಿ. ಪುಟದಲ್ಲಿ ಜನರಿಗೆ ನಿಜಕ್ಕೂ ಏನಾದರೂ ತಿಳಿಯುವುದು ಆ ಸ್ಲೈಡರ್ ಎಳೆದಾಗಲೇ.

ವಾಲ್ವ್ ಪ್ರಶ್ನೆಗೆ ನನ್ನ ಉತ್ತರ: ಎಡ್ಜ್‌ನ ಗುಣ. ನೀರಿನ ಜಾಲದ ಲೆಕ್ಕಕ್ಕೆ ಎಲ್ಲೆಡೆ ಬಳಸುವ ಎಪಾನೆಟ್ ತಂತ್ರಾಂಶದಲ್ಲೂ ಹಾಗೆಯೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು, ಉಚಿತ. ಅಲ್ಲಿ ಬರೀ ತೆರೆದು ಮುಚ್ಚುವ ಗೇಟ್ ವಾಲ್ವ್‌ಗೆ ಬೇರೆ ವಸ್ತುವೇ ಇಲ್ಲ, ಪೈಪಿನ ಸ್ಥಿತಿ ‘ಓಪನ್’ ಅಥವಾ ‘ಕ್ಲೋಸ್ಡ್’ ಅಷ್ಟೆ. ನಾನ್-ರಿಟರ್ನ್ ಕೂಡ ಪೈಪಿನ ಗುಣವೇ. ಒತ್ತಡ ಇಳಿಸುವಂಥ ವಾಲ್ವ್‌ಗಳಿಗೆ ಮಾತ್ರ ಬೇರೆ ವಿಭಾಗ. ನಾಳೆ ಎಪಾನೆಟ್ ಫೈಲ್ ಓದಿಸಬೇಕು ಅಂದರೆ ನಿಮ್ಮ ಡೇಟಾ ಅದಕ್ಕೆ ಹೊಂದುತ್ತದೆ.

ಪುಟದಲ್ಲಿ ಒಂದು ಸಾಲು ಬರೆದೇ ಬಿಡಿ: ಈ ಚಿತ್ರ ದಾರಿ ಇದೆಯೇ ಎಂದಷ್ಟೇ ಹೇಳುತ್ತದೆ, ಒತ್ತಡ ಹೇಳುವುದಿಲ್ಲ. ಧಾರವಾಡದ ಏರು ಓಣಿಯಲ್ಲಿ ದಾರಿ ತೆರೆದಿದ್ದರೂ ಎರಡನೇ ಅಂತಸ್ತಿಗೆ ನೀರು ಹತ್ತದೇ ಇರಬಹುದು.

---

ಸಪ್ತಾಪುರ_ಡೆವ್

ಡೇಟಾದಾಗ ಎಡ್ಜಿನ ಗುಣ, ಒಪ್ಪತೀನಿ. ಪರದೆ ಮೇಲೆ ಮಾತ್ರ ನೋಡೇ ಇರಲಿ. ವಾಲ್ವ್‌ಮನ್ ಚಾವಿ ಹಿಡಕೊಂಡು ಹೋಗೋದು ಒಂದು ಚೇಂಬರಿಗೆ. ನೋಡೋರೂ ಒಂದು ಗುಂಡಿ ಹುಡುಕ್ತಾರ, ಗೆರಿ ಹುಡುಕಂಗಿಲ್ಲ.

ಎರಡೂ ಬೇಕಂದ್ರ ಫೈಲಿನಾಗ ಪೈಪ್ ಒಂದ ಇರಲಿ, ಲೋಡ್ ಆಗೋವಾಗ ವಾಲ್ವ್ ಇರೋ ಪೈಪನ್ನ ಎರಡು ತುಂಡು ಮಾಡಿ ನಡು ವಾಲ್ವ್ ನೋಡ್ ಹುಟ್ಟಿಸ್ರಿ. ‘ಒನ್‌ವೇ’ ಗುರುತು ಎರಡೂ ತುಂಡಿಗೆ ಹೋಗಬೇಕು, ಕೆಳಗಿನ ತುಂಡಿಗೆ ಬಿಟ್ರ ಆ ವಾಲ್ವ್ ಅನ್ನೋ ನೋಡ್ ಕೆಳಗಿನ ನೀರಿನಿಂದ ಹಸಿ ಅಂತ ತೋರಸ್ತದ. ಎಡ್ಜಿನ ಸೋರ್ಸ್ ಅಥವಾ ಟಾರ್ಗೆಟ್ ಐಡಿಯೊಳಗ ಒಂದು ಅಕ್ಷರ ತಪ್ಪಿದ್ರೂ ಸೈಟೋಸ್ಕೇಪ್ ದೋಷ ಎಸೆದು ನಿಲ್ಲತದ, ಅದಕ್ಕ ಲೋಡಿಗೆ ಮೊದಲ ಎಲ್ಲಾ ಐಡಿ ತಾಳೆ ನೋಡೋ ನಾಲ್ಕು ಸಾಲು ಬರೀರಿ. ಎಕ್ಸೆಲ್‌ನಿಂದ ಬಂದ ಡೇಟಾದಾಗ ಹೆಸರಿನ ಹಿಂದೊಂದು ಖಾಲಿ ಜಾಗ ಇರೋದೇ ಹೆಚ್ಚು.

ಮೊಬೈಲಿಗೆ: ‘ಕ್ಲಿಕ್’ ಬಿಟ್ಟು ‘ಟ್ಯಾಪ್’ ಇವೆಂಟ್ ಹಿಡೀರಿ, ಮೌಸಿಗೂ ಬೆರಳಿಗೂ ಅದ ಒಂದ. ಬೆರಳು 8 ಪಿಕ್ಸೆಲಿಗಿಂತ ಜಾಸ್ತಿ ಸರಿದ್ರ ಅದು ಟ್ಯಾಪ್ ಅನಸಂಗಿಲ್ಲ. ವಾಲ್ವ್ ನೋಡಿನ ಗಾತ್ರ 28ಕ್ಕಿಂತ ಕಡಿಮಿ ಬ್ಯಾಡ, ‘ಮಿನ್ ಝೂಮ್’ 0.3, ‘ಮ್ಯಾಕ್ಸ್ ಝೂಮ್’ 2.5. ಚಿತ್ರದ ಎಡಕ್ಕೂ ಬಲಕ್ಕೂ ಚೂರು ಖಾಲಿ ಬಿಡ್ರಿ, ಇಲ್ಲಂದ್ರ ಪುಟ ಕೆಳಗ ಸರಸ್ಲಿಕ್ಕೆ ಹೋದ ಬೆರಳು ನಕ್ಷೆಯನ್ನೇ ಎಳೀತದ.

---

ಗಿರಮಿಟ್_ಪ್ಲೇಟ್

ನಡುವ ಒಂದು ಮಾತು. ಗೋಜೆಎಸ್ ಯಾಕ ನೋಡಿಲ್ಲ? ಡಯಾಗ್ರಾಮ್ ಅಂದ್ರ ಅದ ಅಲ್ಲೇನು? ಇಲ್ಲಾ ಡಿ3? ಅವೂ ಚಿತ್ರ ಬರಿಯೋ ಲೈಬ್ರರಿನೇ.

---

ಬೆಟಗೇರಿ_ಮಗ್ಗ

ಬಳಕೆದಾರರೇ ಹೊಸ ಪೈಪ್ ಎಳೆದು ಜೋಡಿಸಬೇಕು, ಅನ್‌ಡೂ ಬೇಕು, ಗೆರೆ ಡಬ್ಬಿಗಳನ್ನು ತಪ್ಪಿಸಿ ಹೋಗಬೇಕು ಅನ್ನುವುದಾದರೆ ಗೋಜೆಎಸ್‌ಗೆ ಸಾಟಿ ಕಡಿಮೆ. ಆದರೆ ಅದಕ್ಕೆ ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು, ಇಲ್ಲದಿದ್ದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಉಳಿಯುತ್ತದೆ. ಇಲ್ಲಿ ಬರೀ ನೋಡುವುದು, ತಿರುವುವುದು. ಸೈಟೋಸ್ಕೇಪ್ ಎಂಐಟಿ ಲೈಸೆನ್ಸ್ (ಉಚಿತ), ಸಾಕು. ಗೋಜೆಎಸ್‌ಗೆ ಹೋದರೂ ಡೇಟಾವನ್ನು ನೇರ ಬದಲಿಸಿದರೆ ಚಿತ್ರ ಬದಲಾಗುವುದಿಲ್ಲ, ಮಾಡೆಲ್‌ನ ‘ಸೆಟ್’ ಮೂಲಕವೇ, ‘ಕಮಿಟ್’ ಒಳಗೇ ಬದಲಿಸಬೇಕು. ಲೇಔಟ್‌ನ ‘ಈಸ್ ಆನ್‌ಗೋಯಿಂಗ್’ ಫಾಲ್ಸ್ ಮಾಡದಿದ್ದರೆ ಲೇಬಲ್ ‘ಬಂದ್’ ಇಂದ ‘ತೆರೆದಿದೆ’ ಆಗಿ ಡಬ್ಬಿ ಅಗಲವಾದಾಗ ಇಡೀ ಜಾಲ ಮತ್ತೆ ಜೋಡಣೆಯಾಗಿ ಜಿಗಿಯುತ್ತದೆ.

ಡಿ3ಯಲ್ಲಿ ಎಲ್ಲವೂ ಕೈಯಿಂದ. ಮರದ ಆಕಾರಕ್ಕೆ ಅದರಲ್ಲಿ ಲೇಔಟ್ ಇದೆ, ಎರಡು ಮೂಲದ ಜಾಲ ಮರವಲ್ಲ. ಕೊನೆಗೆ ಡಾಗ್ರೆಯನ್ನೇ ತಂದು ಜೋಡಿಸುತ್ತೀರಿ.

---

ಉಣಕಲ್_ದಂಡಿ

ಪೈಪ್ ತುಂಡು ಮಾಡೋದು, ಹಳದಿ ಸುತ್ತು, ಸ್ಲೈಡರ್ ಮೂರೂ ಕೂಡಿದ್ವು. ಕಡೀದು ಒಂದು: ‘ಚಿತ್ರ ಇಳಿಸು’ ಗುಂಡಿ ಒತ್ತಿ ವಾಟ್ಸಾಪಿಗೆ ಕಳಿಸಿದ್ರ ಕೆಲವರಿಗೆ ಪೂರಾ ಕಪ್ಪ ಕಾಣ್ತೈತಿ, ಕೆಲವರಿಗೆ ಅರ್ಧ ನಕ್ಷಾ ಅಷ್ಟ.

---

ಹಾವೇರಿ_ಯಾಲಕ್ಕಿ

‘ಸಿವೈ ಪಿಎನ್‌ಜಿ’ ಹಿನ್ನೆಲೆ ಹೇಳದಿದ್ದರೆ ಪಾರದರ್ಶಕ ಚಿತ್ರ ಕೊಡುತ್ತದೆ, ಡಾರ್ಕ್ ಮೋಡ್ ಇರುವವರಿಗೆ ಕಪ್ಪು ಗೆರೆ ಕಪ್ಪಿನಲ್ಲಿ ಮುಳುಗುತ್ತದೆ. ‘ಬಿಜಿ’ಗೆ ಬಿಳಿ ಕೊಡಿ. ಅರ್ಧ ಬರುವುದು ‘ಫುಲ್’ ಟ್ರೂ ಮಾಡದ್ದರಿಂದ, ಆಗ ಪರದೆಯಲ್ಲಿ ಕಾಣುವಷ್ಟೇ ಇಳಿಯುತ್ತದೆ. ‘ಸ್ಕೇಲ್’ 2 ಇಡಿ, ಓಣಿ ಹೆಸರು ಓದಲು ಬರುತ್ತದೆ. ಎಸ್‌ವಿಜಿ ಬೇಕಾದರೆ ಬೇರೆ ವಿಸ್ತರಣೆ ಹಾಕಬೇಕು, ಮತ್ತು ಆ ಫೈಲ್ ತೆರೆಯುವ ಕಂಪ್ಯೂಟರಿನಲ್ಲಿ ಅದೇ ಕನ್ನಡ ಫಾಂಟ್ ಇರಬೇಕು.

ಮುಂದೆ ಖರೇ ಡೇಟಾ ಸಿಕ್ಕರೂ ವಾಲ್ವ್ ಚೇಂಬರಿನ ಅಕ್ಷಾಂಶ-ರೇಖಾಂಶವನ್ನು ಜೇಸನ್ ಫೈಲಿನಲ್ಲಿ ಬಿಡಬೇಡಿ. ಪುಟದಲ್ಲಿ ಕಾಣಿಸದಿದ್ದರೂ ಬ್ರೌಸರಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು.